ಬ್ರೌಸರ್‌ನಲ್ಲಿ ವಿಡಿಯೊ, ಗೇಮ್ ಓಡಿಸುತ್ತಿದ್ದ ಹಳೆಯ ಪ್ಲಗಿನ್ ಫ್ಲಾಶ್ ತೆಗೆದ ಮೇಲೂ, ಬೇಡದ ಫೈಲು ಅಳಿಸುವ ಕ್ಲೀನರ್ ಸಾಫ್ಟ್‌ವೇರ್‌ನಲ್ಲಿ ಅದರ ಹೆಸರು ಬರುತ್ತಿದೆ, ಅಂಥದ್ದೇ ಪ್ಲಗಿನ್ ಸಿಲ್ವರ್‌ಲೈಟ್ ಮತ್ತು ಜಾವಾ ಹೆಸರೂ ಇದೆ. ಅಳಿಸಬಹುದೇ? ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಡುವ ರಿಜಿಸ್ಟ್ರಿಯನ್ನೂ ಕ್ಲೀನ್ ಮಾಡಬೇಕೇ?

ಫ್ಲಾಶ್, ಸಿಲ್ವರ್‌ಲೈಟ್ ಬಿಟ್ಟುಹೋದದ್ದನ್ನು ಧೈರ್ಯವಾಗಿ ಅಳಿಸಿ. ಜಾವಾ ವಿಷಯದಲ್ಲಿ ಮಾತ್ರ ಸ್ವಲ್ಪ ತಡೆಯಿರಿ. ಮಾಟುಂಗಾದ ಅಕೌಂಟ್ಸ್ ಆಫೀಸಿನ ಲ್ಯಾಪ್‌ಟಾಪ್, ಟಿಡಿಎಸ್ ರಿಟರ್ನ್ ಅದರಲ್ಲೇ ಮಾಡುತ್ತೇವೆ ಅಂತ ಬರೆದಿದ್ದೀರಲ್ಲ, ಅದಕ್ಕೇ ಹೇಳಿದೆ. ರಿಜಿಸ್ಟ್ರಿ ಕ್ಲೀನಿಂಗ್ ಬೇಡವೇ ಬೇಡ. ಅದರಿಂದ ಸಿಗುವುದು ಏನೂ ಇಲ್ಲ, ಕೆಟ್ಟರೆ ಸರಿಪಡಿಸುವುದು ಕಷ್ಟ.

ನಾನು ಡೊಂಬಿವಲಿಯಲ್ಲಿ ಕಂಪ್ಯೂಟರ್ ಸರ್ವಿಸ್ ಮಾಡುತ್ತೇನೆ, ಹಳೆಯ ಸಿಸ್ಟಮ್‌ಗಳಲ್ಲಿ ಇದು ದಿನನಿತ್ಯದ ದೃಶ್ಯ. ಅನ್‌ಇನ್‌ಸ್ಟಾಲ್ ಮಾಡಿದಾಗ ಹೋಗುವುದು ಪ್ಲಗಿನ್ ಮಾತ್ರ. ಅದು ಬರೆದಿಟ್ಟ ಫೈಲುಗಳು ನಿಮ್ಮ ಯೂಸರ್ ಫೋಲ್ಡರ್‌ನಲ್ಲೇ ಇರುತ್ತವೆ. ಅಡೋಬ್ 2020ರ ಡಿಸೆಂಬರ್ 31ಕ್ಕೆ ಫ್ಲಾಶ್ ಬೆಂಬಲ ನಿಲ್ಲಿಸಿತು, ಸಿಲ್ವರ್‌ಲೈಟ್‌ನದು 2021ರ ಅಕ್ಟೋಬರ್ 12ಕ್ಕೆ ಮುಗಿಯಿತು. ಈಗಿನ ಕ್ರೋಮ್, ಫೈರ್‌ಫಾಕ್ಸ್ ಆ ಡೇಟಾವನ್ನು ಮುಟ್ಟುವುದೂ ಇಲ್ಲ.

ಅಳಿಸುವ ಮೊದಲು ಒಮ್ಮೆ ನೀವೇ ತೆರೆದು ನೋಡಿ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಅಡಗಿದ ಫೋಲ್ಡರ್ ತೋರಿಸುವ ಹಿಡನ್ ಐಟಮ್ಸ್ ಆನ್ ಮಾಡಿ, ಯೂಸರ್ ಫೋಲ್ಡರ್‌ನ ಆಪ್‌ಡೇಟಾ, ಅದರೊಳಗೆ ರೋಮಿಂಗ್, ಮ್ಯಾಕ್ರೋಮೀಡಿಯಾ, ಫ್ಲಾಶ್ ಪ್ಲೇಯರ್ ಎಂದು ಇಳಿಯುತ್ತಾ ಹೋಗಿ. ಶೇರ್ಡ್ ಆಬ್ಜೆಕ್ಟ್ಸ್ ಫೋಲ್ಡರ್‌ನೊಳಗೆ ಅರ್ಥವಿಲ್ಲದ ಅಕ್ಷರ, ಅಂಕಿಗಳ ಹೆಸರಿನ ಒಂದು ಫೋಲ್ಡರ್, ಅದರೊಳಗೆ ಒಂದೊಂದು ಸೈಟಿನ ಹೆಸರಿಗೆ ಒಂದೊಂದು ಫೋಲ್ಡರ್. ಹಿಸ್ಟರಿ ಎಷ್ಟೇ ಕ್ಲಿಯರ್ ಮಾಡಿದ್ದರೂ ವರ್ಷಗಳ ಹಿಂದೆ ಯಾರು ಯಾವ ಸೈಟಿಗೆ ಹೋಗಿದ್ದರು ಎಂಬುದು ಅಲ್ಲಿ ಹಾಗೇ ಕೂತಿರುತ್ತದೆ. ಜಾಗ ಉಳಿಸುವುದಕ್ಕಲ್ಲ, ಇದಕ್ಕಾಗಿ ಅಳಿಸಬೇಕು ಅನ್ನುವವನು ನಾನು. ಕ್ಲೈಂಟ್‌ಗಳ ಲೆಕ್ಕಪತ್ರ ನೋಡುವ ಆಫೀಸಿಗಂತೂ ಇದು ಮುಖ್ಯ.

ಅಲ್ಲಿ ಲೋಕಲ್‌ಹೋಸ್ಟ್ ಎಂಬ ಫೋಲ್ಡರ್ ಕಂಡರೆ ನಿಲ್ಲಿ. ಫ್ಲಾಶ್‌ನಲ್ಲಿ ಮಾಡಿ ಸಿಡಿಯಿಂದ ಹಾಕಿದ ಕೆಲವು ಹಳೆಯ ಮಕ್ಕಳ ಗೇಮ್, ಪಾಠದ ಸಾಫ್ಟ್‌ವೇರ್‌ಗಳು ಬ್ರೌಸರ್ ಇಲ್ಲದೆಯೇ ಓಡುತ್ತವೆ, ತಮ್ಮ ಸೇವ್ ಇಡುವುದು ಅಲ್ಲೇ. ಅಳಿಸಿದ ಮೇಲೂ ಫ್ಲಾಶ್ ಹೆಸರು ಮತ್ತೆ ಮತ್ತೆ ಬರುತ್ತಿದ್ದರೆ ಅಂಥದ್ದೇನಾದರೂ ಇನ್ನೂ ಓಡುತ್ತಿದೆಯೇ ನೋಡಿ. ಇನ್ನೊಂದು ಮಾತು, ಕ್ರೋಮ್ ತನ್ನ ಫ್ಲಾಶ್ ಡೇಟಾವನ್ನು ಬೇರೆಯಾಗಿ, ತನ್ನ ಪ್ರೊಫೈಲ್‌ನ ಪೆಪ್ಪರ್ ಡೇಟಾ ಫೋಲ್ಡರ್‌ನಲ್ಲಿ ಇಡುತ್ತಿತ್ತು. ಅದು ಉಳಿದಿದೆಯೇ ಎಂದೂ ನೋಡಿ.

ಕ್ಲೀನರ್ ಯಾವುದಾದರೂ ಆಗಬಹುದು, ಸಿಕ್ಲೀನರ್ ಅಥವಾ ಓಪನ್ ಸೋರ್ಸ್ ಬೇಕಿದ್ದರೆ ಬ್ಲೀಚ್‌ಬಿಟ್. ಡೌನ್‌ಲೋಡ್ ಮಾತ್ರ ತಯಾರಕರ ಸೈಟಿನಿಂದಲೇ ಇರಲಿ, ಮತ್ತು ಅಪ್‌ಡೇಟ್ ಆಗಿರಲಿ: 2017ರಲ್ಲಿ ಸಿಕ್ಲೀನರ್‌ನ 5.33 ಆವೃತ್ತಿಯ ಅಧಿಕೃತ ಫೈಲಿನೊಳಗೇ ಮಾಲ್‌ವೇರ್ ಸೇರಿತ್ತು. ತೆರೆದ ಕೂಡಲೇ ಎಲ್ಲ ಟಿಕ್ ತೆಗೆಯಿರಿ, ಆಮೇಲೆ ಫ್ಲಾಶ್, ಸಿಲ್ವರ್‌ಲೈಟ್‌ಗೆ ಮಾತ್ರ ಹಾಕಿ. ಬ್ರೌಸರ್‌ನ ಕುಕೀಸ್‌ಗೆ ಟಿಕ್ ಉಳಿದರೆ ನೀವು ಲಾಗಿನ್ ಆಗಿರುವ ಸೈಟುಗಳೆಲ್ಲ ಹೊರಗೆ ಹಾಕುತ್ತವೆ, ಸೇವ್ಡ್ ಪಾಸ್‌ವರ್ಡ್‌ಗೆ ಉಳಿದರೆ ಪಾಸ್‌ವರ್ಡ್‌ಗಳೇ ಹೋಗುತ್ತವೆ. ಮೊದಲು ಅನಲೈಸ್ ಅಥವಾ ಪ್ರಿವ್ಯೂ ಒತ್ತಿ, ಬಂದ ಪಟ್ಟಿಯನ್ನು ಓದಿ, ನಂತರ ಕ್ಲೀನ್.

ಸಿಸ್ಟಮ್ ಫಾಸ್ಟ್ ಆಗುತ್ತದೆ ಎಂದುಕೊಳ್ಳಬೇಡಿ, ಇವು ಕೆಲವೇ ಕೆಬಿಯ ಫೈಲುಗಳು. ಸ್ಲೋ ಇರುವುದಕ್ಕೆ ಸ್ಟಾರ್ಟ್‌ಅಪ್ ಪ್ರೋಗ್ರಾಮ್‌ಗಳನ್ನು ಕಡಿಮೆ ಮಾಡಿ. ಒಳಗೆ ಇನ್ನೂ ಹಳೆಯ ಹಾರ್ಡ್‌ಡಿಸ್ಕ್ ಇದ್ದರೆ ಕಂಪ್ಯೂಟರ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿಗೆ ಹೋಗಿ, ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ.

ಇನ್ನು ಜಾವಾ. ಟಿಡಿಎಸ್ ರಿಟರ್ನ್ ತಯಾರಿಸುವ ಆರ್‌ಪಿಯು, ಆ ಫೈಲನ್ನು ಪರಿಶೀಲಿಸುವ ಎಫ್‌ವಿಯು ಎರಡೂ ಓಡುವುದು ಜಾವಾ ಮೇಲೆ, ಆದ್ದರಿಂದ ಅದನ್ನು ಅನ್‌ಇನ್‌ಸ್ಟಾಲ್ ಮಾಡಬೇಡಿ. ಅದರ ಕ್ಯಾಶ್, ಅಂದರೆ ಅದು ತಾತ್ಕಾಲಿಕವಾಗಿ ಇಟ್ಟುಕೊಂಡ ಫೈಲುಗಳನ್ನು ಅಳಿಸಲು ಕ್ಲೀನರ್ ಕೂಡ ಬೇಕಿಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಜಾವಾ ತೆರೆದು, ಟೆಂಪರರಿ ಇಂಟರ್ನೆಟ್ ಫೈಲ್ಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಡಿಲೀಟ್ ಫೈಲ್ಸ್ ಒತ್ತಿ. ಲಾಗ್ ಫೈಲ್ಸ್ ಮತ್ತು ಕ್ಯಾಶ್ಡ್ ಅಪ್ಲಿಕೇಶನ್ಸ್‌ಗೆ ಟಿಕ್ ಇರಲಿ, ಇನ್‌ಸ್ಟಾಲ್ಡ್ ಅಪ್ಲಿಕೇಶನ್ಸ್‌ಗೆ ಬೇಡ. ಆದ ಮೇಲೆ ಆರ್‌ಪಿಯು ಒಮ್ಮೆ ತೆರೆದು, ಹಳೆಯ ಒಂದು ರಿಟರ್ನ್ ಫೈಲ್ ಓಪನ್ ಆಗುತ್ತದೆಯೇ ನೋಡಿಕೊಳ್ಳಿ.