ಕಲಿತುಕೊಂಡಿದ್ದೇನೆ ಅಂದ ಪೌಲ

ಕಮ್ಮನಹಳ್ಳಿಯ ಸಹೋದರಿಯೊಬ್ಬರ ಪತ್ರ: "ನಮ್ಮ ಯಜಮಾನರು ಕೆಲಸ ಮಾಡುತ್ತಿದ್ದ ಗಾರ್ಮೆಂಟ್ಸ್ ಮುಚ್ಚಿ ಎಂಟು ತಿಂಗಳಾಯಿತು. ಬಾಕಿ ಸಂಬಳ ಇನ್ನೂ ಬಂದಿಲ್ಲ. ತಂಗಿ ವೈಟ್‌ಫೀಲ್ಡ್‌ನಲ್ಲಿ ಫ್ಲ್ಯಾಟ್ ಕೊಂಡಳು. ಮನೆಪ್ರಾರ್ಥನೆಗೆ ಹೋಗಿ ಬಂದ ರಾತ್ರಿ ಹೊಟ್ಟೆಕಿಚ್ಚಿನಿಂದ ನಿದ್ದೆ ಬರಲಿಲ್ಲ. ಚರ್ಚಿನಲ್ಲಿ ಯಾರಾದರೂ ಕೇಳಿದರೆ 'ಕರ್ತನ ಕೃಪೆಯಿಂದ ಚೆನ್ನಾಗಿದ್ದೇವೆ' ಅನ್ನುತ್ತೇನೆ, ಬಸ್ಸಿನಲ್ಲಿ ಅಳುತ್ತೇನೆ. ಸಂತೋಷವೇ ಇಲ್ಲದ ನನ್ನದು ವಿಶ್ವಾಸವೇ?"

ಪ್ರಿಯ ಸಹೋದರಿ, ಕರ್ತನಲ್ಲಿ ವಂದನೆಗಳು.

ಹೌದು, ವಿಶ್ವಾಸವೇ. ಹೊಟ್ಟೆಕಿಚ್ಚನ್ನು ಮುಚ್ಚಿಡದೆ ಬರೆದಿದ್ದೀರಲ್ಲ, ಅದರಲ್ಲೇ ನನಗದು ಕಾಣಿಸಿತು.

"ನನ್ನನ್ನು ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನಾಗಿದ್ದೇನೆ" ಎಂಬ ವಾಕ್ಯ ನಿಮ್ಮ ಮನೆಯ ಕ್ಯಾಲೆಂಡರಿನಲ್ಲೂ ಇರಬಹುದು. ಬೈಬಲಿನಲ್ಲಿ, ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲ ಫಿಲಿಪ್ಪಿ ಪಟ್ಟಣದ ಸಭೆಯವರಿಗೆ ಬರೆದ ಪತ್ರದ 4ನೇ ಅಧ್ಯಾಯ, 13ನೇ ವಚನ. ಅದರ ಹಿಂದಿನ ವಚನದಲ್ಲಿ ಹಸಿವಿದೆ, ಕೊರತೆಯಿದೆ. 11ರಲ್ಲಿ ಪೌಲ ತನಗೆ ಸಂತುಷ್ಟಿ ಹುಟ್ಟಿನಿಂದ ಬಂತು ಅನ್ನುವುದಿಲ್ಲ, ಕಲಿತುಕೊಂಡಿದ್ದೇನೆ ಅನ್ನುತ್ತಾನೆ. ಕಲಿಯುವುದಕ್ಕೆ ದಿನ ಹಿಡಿಯುತ್ತದೆ, ನಡುವೆ ತಪ್ಪುವುದೂ ಉಂಟು. ಯಾವಾಗಲೂ ಸಂತೋಷಿಸಿರಿ ಎಂದು ಸೆರೆಯಿಂದ ಬರೆದ ಆ ಮನುಷ್ಯನೇ, ಎಪಫ್ರೊದೀತ ಕಾಯಿಲೆಯಿಂದ ಸತ್ತಿದ್ದರೆ ತನಗೆ ದುಃಖದ ಮೇಲೆ ದುಃಖ ಆಗುತ್ತಿತ್ತು ಎಂದು ಅದೇ ಪತ್ರದಲ್ಲಿ ಒಪ್ಪಿಕೊಳ್ಳುತ್ತಾನೆ. ಆ ಎಪಫ್ರೊದೀತ ಯಾರು? ಫಿಲಿಪ್ಪಿಯ ಸಭೆ ಕೊಟ್ಟ ಸಹಾಯವನ್ನು ಪೌಲನಿಗೆ ಹೊತ್ತು ತಂದವನು. ನನ್ನ ಸಂಕಟದಲ್ಲಿ ಪಾಲುಗೊಂಡದ್ದು ಒಳ್ಳೆಯದಾಯಿತು ಎಂದು ಪೌಲ ಆ ಸಭೆಗೆ ಬರೆದ. ತೃಪ್ತನಾಗಿದ್ದವನೂ ಕೈಚಾಚಿ ತೆಗೆದುಕೊಂಡ.

ನನ್ನ ತಾಯಿಯ ಹಾಲಿನ ಲೆಕ್ಕದ ಪುಸ್ತಕವೊಂದು ನನ್ನ ಬಳಿ ಇದೆ. ಎಡಕ್ಕೆ ಅರ್ಧ ಲೀಟರ್, ಒಂದು ಲೀಟರ್, ಬಲಕ್ಕೆ ಪೆನ್ಸಿಲಿನಲ್ಲಿ, "ನಲ್ಲಿ ನೀರು ಒಂದು ಗಂಟೆ ಬಂತು, ಸ್ತೋತ್ರ." "ಚಿಕ್ಕವನ ಜ್ವರ ಇಳಿಯಿತು, ಸ್ತೋತ್ರ." ಅಪ್ಪ ತೀರಿಕೊಂಡ ಮೇಲೆ ಎರಡು ತಿಂಗಳು ಎಡಕ್ಕೆ ಹಾಲಿನ ಲೆಕ್ಕ ಮಾತ್ರ, ಬಲಬದಿ ಖಾಲಿ. ಆ ಖಾಲಿ ಪುಟಗಳನ್ನು ನಾನು ಎಷ್ಟು ಸಲ ತಿರುವಿದ್ದೇನೋ! ಆಗಲೂ ಅಮ್ಮ ಪ್ರತಿ ಭಾನುವಾರ ಆರಾಧನೆಗೆ ಹೋಗುತ್ತಿದ್ದರು. ಹಾಡಲು ಮಾತ್ರ ಬಾಯಿ ಬರುತ್ತಿರಲಿಲ್ಲ. ಆಮೇಲೆ ಒಂದು ದಿನ, "ಪಕ್ಕದ ಮನೆಯವರು ಅವರೆಕಾಳು ಸಾರು ಕೊಟ್ಟರು, ಸ್ತೋತ್ರ."

88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಯಾರೂ ಬೈಬಲಿನಿಂದ ತೆಗೆದುಹಾಕಲಿಲ್ಲ.

ಇನ್ನೊಂದು ಮಾತು. ಬಾಕಿ ಸಂಬಳಕ್ಕೆ ಓಡಾಡುವುದು ಅತೃಪ್ತಿ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಹಿಡಿದಿಟ್ಟ ಕೂಲಿಯೇ ಕೂಗುತ್ತದೆ ಎನ್ನುತ್ತದೆ ಬೈಬಲಿನ ಯಾಕೋಬನ ಪತ್ರ (5:4). ಯಜಮಾನರು ಜೊತೆ ಕೆಲಸಗಾರರನ್ನು ಸೇರಿಸಿಕೊಂಡು ಕಾರ್ಮಿಕ ಇಲಾಖೆಗೆ ದೂರು ಕೊಡಲಿ. ನಾವು ಅದಕ್ಕೂ ಪ್ರಾರ್ಥಿಸುತ್ತೇವೆ.

ತಂಗಿಯ ಮನೆಯ ವಿಷಯ ಒಂದೇ ದಿನಕ್ಕೆ ಮನಸ್ಸಿನಿಂದ ಹೋಗುವುದಿಲ್ಲ. ಅವಳಿಗಾಗಿ ಹೆಸರು ಹಿಡಿದು ಪ್ರಾರ್ಥಿಸಿ ನೋಡಿ; ಮೊದಮೊದಲು ಗಂಟಲು ಕಟ್ಟುತ್ತದೆ, ಪರವಾಗಿಲ್ಲ.

ಈ ಭಾನುವಾರ ಆರಾಧನೆ ಮುಗಿದ ಕೂಡಲೇ ಬಸ್ಸಿಗೆ ಓಡಬೇಡಿ. ನೀವು ನಂಬುವ ಒಬ್ಬ ಅಕ್ಕನನ್ನು ಪಕ್ಕಕ್ಕೆ ಕರೆದು, "ಚೆನ್ನಾಗಿಲ್ಲ ಅಕ್ಕ" ಅನ್ನಿ. ಆಮೇಲೆ ಏನಾಯಿತೆಂದು ನನಗೆ ಬರೆಯಿರಿ.

ಸಂಪಾದಕ