ಯಾನ್ ಹುಸ್ ಪರಮಪ್ರಸಾದವನ್ನು ಅಲ್ಲಗಳೆದಿದ್ದರೇ?

ಪ್ರಶ್ನೆ: ಪರಮಪ್ರಸಾದದಲ್ಲಿ ಕ್ರಿಸ್ತರಿಲ್ಲ ಅಂದದ್ದಕ್ಕೆ, ಇಂದಿನ ಚೆಕ್ ದೇಶದ ಪ್ರಾಗ್‌ನಲ್ಲಿ ಗುರುವಾಗಿದ್ದ ಸುಧಾರಕ ಯಾನ್ ಹುಸ್ ಅವರನ್ನು ಸುಟ್ಟರು ಎಂದು ಒಂದು ಭಾಷಣದಲ್ಲಿ ಕೇಳಿದೆ. ನಾನು ಕಥೋಲಿಕಳು, ಗಂಡನ ಮನೆಯವರು ಪ್ರೊಟೆಸ್ಟಂಟರು. ಹುಸ್ ನಮ್ಮವರು ಅಂತಾರೆ ಅವರು. ಇವತ್ತಿನ ಕಥೋಲಿಕ ಬೋಧನೆಯ ಪ್ರಕಾರ ಹುಸ್ ಹೇಳಿದ್ದು ತಪ್ಪೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಇಲ್ಲಮ್ಮಾ, ಆ ಭಾಷಣದ ಮಾತು ಸರಿಯಿಲ್ಲ. ಬಲಿಪೂಜೆಯಲ್ಲಿ ರೊಟ್ಟಿ ಕ್ರಿಸ್ತರ ಶರೀರವಾಗಿ ಮಾರ್ಪಡುತ್ತದೆ, ಬಣ್ಣ ರುಚಿ ಮಾತ್ರ ಹಾಗೇ ಉಳಿಯುತ್ತವೆ ಅನ್ನುವ ನಂಬಿಕೆಯನ್ನು ಹುಸ್ ಕೊನೆಯವರೆಗೂ ಬಿಡಲಿಲ್ಲ.

ಬಿಟ್ಟವರು ಇಂಗ್ಲೆಂಡಿನ ಜಾನ್ ವಿಕ್ಲಿಫ್. ಪೂಜೆಯ ನಂತರವೂ ರೊಟ್ಟಿ ರೊಟ್ಟಿಯೇ ಎಂದರು ಅವರು, 1382ರಲ್ಲಿ ಲಂಡನ್ನಿನಲ್ಲಿ ಧರ್ಮಸಭೆ ಆ ಮಾತನ್ನು ಖಂಡಿಸಿತು. ಹುಸ್ ವಿಕ್ಲಿಫರ ಪುಸ್ತಕಗಳನ್ನು ತುಂಬಾ ಮೆಚ್ಚಿ ಓದಿದವರು, ಗುರುಗಳ ದುಡ್ಡಿನಾಸೆಯ ವಿರುದ್ಧ ಅವರ ಮಾತುಗಳನ್ನೇ ಎತ್ತಿಕೊಂಡವರು, ಹಾಗಾಗಿ ಇದನ್ನೂ ಒಪ್ಪಿದ್ದಾರೆ ಎಂದು, ಅವರನ್ನು ವಿಚಾರಿಸಿದ ಧರ್ಮಸಭೆಯ ಕಾನ್‌ಸ್ಟನ್ಸ್ ಮಹಾಸಭೆಯಲ್ಲಿ ಕೆಲವರು ಸಾಕ್ಷಿ ಹೇಳಿಬಿಟ್ಟರು. 1415ರ ಜೂನ್ ವಿಚಾರಣೆಯಲ್ಲಿ ಹುಸ್ ನೇರವಾಗಿ ಅಲ್ಲಗಳೆದರು. ಜುಲೈ 6ರಂದು, ಸುಟ್ಟ ದಿನವೇ, ಅದೇ ಆರೋಪವನ್ನು ಮತ್ತೆ ಓದಿದರು. ಹುಸ್ ಮತ್ತೆ ಅಲ್ಲಗಳೆದರು. ಅವರದೆಂದು ಖಂಡಿಸಿದ 30 ವಾಕ್ಯಗಳಲ್ಲಿ ರೊಟ್ಟಿ ಉಳಿಯುತ್ತದೆ ಅನ್ನುವ ಮಾತು ಒಂದೂ ಇಲ್ಲ. ಅವು ಹೆಚ್ಚಾಗಿ ಧರ್ಮಸಭೆ, ಪೋಪ್, ಅಧಿಕಾರದ ವಿಷಯ. ಅಲ್ಲಿ ಹುಸ್ ಅವರಿಗೂ ಕಥೋಲಿಕ ಬೋಧನೆಗೂ ಇದ್ದ ಅಂತರ ನಿಜ, ಅದನ್ನು ಮುಚ್ಚಿಡಬಾರದು.

ಅವರ ನಂಬಿಕೆ ಎಂಥದ್ದು ಅಂತ ತಿಳಿಯಲು ಒಂದು ಘಟನೆ ಸಾಕು. ಜರ್ಮನಿಯ ವಿಲ್ಸ್‌ನಾಕ್‌ನಲ್ಲಿ 1383ರಲ್ಲಿ ಚರ್ಚು ಸುಟ್ಟುಹೋಯಿತು. ಅವಶೇಷದಲ್ಲಿ ರಕ್ತದ ಕಲೆಯಿದ್ದ ಮೂರು ಪ್ರಸಾದದ ರೊಟ್ಟಿಗಳು ಸಿಕ್ಕವು ಎಂದು ಸುದ್ದಿಯಾಗಿ ಜನ ನುಗ್ಗಿದರು. ಪ್ರಾಗ್‌ನ ಆರ್ಚ್‌ಬಿಷಪ್ ತನಿಖೆಗೆ ನೇಮಿಸಿದವರಲ್ಲಿ ಹುಸ್ ಒಬ್ಬರು. ಕೈ ಊನವಾಗಿದ್ದ ಪ್ರಾಗ್‌ನವನೊಬ್ಬ ಅಲ್ಲಿ ಬೆಳ್ಳಿಯ ಕೈ ಹರಕೆ ಕೊಟ್ಟು, ಏನಾಗುತ್ತದೋ ನೋಡೋಣ ಅಂತ ಅಲ್ಲೇ ಉಳಿದುಕೊಂಡನಂತೆ. ಮೂರನೇ ದಿನ ಅಲ್ಲಿನ ಗುರು ಆ ಬೆಳ್ಳಿ ಕೈ ತೋರಿಸಿ, ಇವನ ಕೈ ವಾಸಿಯಾಯಿತು ಎಂದು ಸಾರಿದರು. ಗುಂಪಿನಲ್ಲಿದ್ದ ಆತ ಊನ ಕೈಯನ್ನೇ ಎತ್ತಿ ತೋರಿಸಿದ! ಇದನ್ನು ಬರೆದಿಟ್ಟವರು ಹುಸ್. ಪುನರುತ್ಥಾನರಾದ ಕ್ರಿಸ್ತರ ರಕ್ತ ಹೀಗೆ ಕಲೆಯಾಗಿ ಬಿದ್ದಿರುವುದಿಲ್ಲ, ಅವರು ಪ್ರಸಾದದಲ್ಲಿ ನಿಜವಾಗಿ, ಆದರೆ ಕಣ್ಣಿಗೆ ಕಾಣದಂತೆ ಇದ್ದಾರೆ ಎಂಬುದು ಅವರ ವಾದ. ಇದು ಪರಮಪ್ರಸಾದದ ಮೇಲಿನ ಗೌರವ, ಅಲ್ವಾ?

ಇನ್ನು ಪಾನಪಾತ್ರೆಯ ಜಗಳ. ಆಗ ಪೂಜೆಯಲ್ಲಿ ಜನರಿಗೆ ರೊಟ್ಟಿ ಮಾತ್ರ ಸಿಗುತ್ತಿತ್ತು, ಪಾತ್ರೆಯ ದ್ರಾಕ್ಷಾರಸ ಗುರುಗಳಿಗೆ ಮಾತ್ರ. ಜನರಿಗೂ ದ್ರಾಕ್ಷಾರಸ ಕೊಡಬೇಕು ಎಂದು 1414ರಲ್ಲಿ ಶುರುಮಾಡಿದವರು ಪ್ರಾಗ್‌ನ ಗುರು ಯಾಕೌಬೆಕ್. ಮರುವರ್ಷ ಜೂನ್ 15ರಂದು ಮಹಾಸಭೆ ಅದನ್ನು ನಿಷೇಧಿಸಿತು. ಕೆಲವೇ ದಿನಗಳಲ್ಲಿ ಹುಸ್ ಸೆರೆಯಿಂದ ತಮ್ಮ ಜಾಗದಲ್ಲಿ ಬೋಧಿಸುತ್ತಿದ್ದ ಹಾವ್ಲಿಕ್‌ಗೆ ಪತ್ರ ಬರೆದು, ಪಾತ್ರೆಗೆ ವಿರೋಧ ಮಾಡಬೇಡ ಎಂದರು. ರೊಟ್ಟಿ, ದ್ರಾಕ್ಷಾರಸ ಯಾವುದಾದರೂ ಒಂದರಲ್ಲೇ ಕ್ರಿಸ್ತರು ಪೂರ್ತಿಯಾಗಿ ಇದ್ದಾರೆ ಎಂಬ ಕಥೋಲಿಕ ಬೋಧನೆಗೆ ಎರಡನ್ನೂ ಕೊಡುವುದರಿಂದ ಧಕ್ಕೆಯೇನಿಲ್ಲ. ರೊಟ್ಟಿ ನುಂಗಲಾಗದ ರೋಗಿಗೆ ಬರೀ ದ್ರಾಕ್ಷಾರಸ ಕೊಡುವುದೂ ಇದೇ ಬೋಧನೆಯ ಆಧಾರದ ಮೇಲೆ. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಕೆಲವು ಸಂದರ್ಭಗಳಲ್ಲಿ ಜನರಿಗೂ ಪಾತ್ರೆ ಕೊಡಬಹುದು ಎಂದಿತು. ಹುಸ್ ಅವರ ಕ್ರೂರ ಸಾವಿಗೆ ಪೋಪ್ ಎರಡನೇ ಜಾನ್ ಪಾಲ್ 1999ರ ಡಿಸೆಂಬರ್‌ನಲ್ಲಿ ಆಳವಾದ ವಿಷಾದ ಹೇಳಿದರು.

ಮನೆಯವರಿಗೆ ಧೈರ್ಯವಾಗಿ ಹೇಳಿ, ಪರಮಪ್ರಸಾದದ ವಿಷಯದಲ್ಲಿ ಹುಸ್ ನಿಮ್ಮ ಪಕ್ಕದಲ್ಲೇ ಮಂಡಿಯೂರುತ್ತಿದ್ದರು.