ನಲವತ್ತು ದಾಟಿದ ಮೇಲೆ ಮತ್ತೆ ಆಟದ ಹುಮ್ಮಸ್ಸು ಬರುತ್ತದೆಯೇ?

ಬರುತ್ತದೆ. "ಮಗನ ಜೊತೆ ಆಡಲು ಕೂತರೆ ಸ್ವಲ್ಪ ಹೊತ್ತಿಗೆ ಪಾಠ ಹೇಳಲು ಶುರು ಮಾಡುತ್ತೇನೆ, ಮೊದಲಿನ ಹುಡುಗಾಟ ಎಲ್ಲಿ ಹೋಯಿತು?" ಎಂದು ಕೇಳಿದ್ದೀರಿ. ಮಕ್ಕಳೆದುರು ನಾವು ದೊಡ್ಡವರಾಗಿಯೇ ಉಳಿಯುತ್ತೇವೆ, ಅಲ್ವಾ? ಬೇಕೆಂದೇ ಸೋಲುತ್ತೇವೆ, ತಿದ್ದುತ್ತೇವೆ, ಗಡಿಯಾರ ನೋಡುತ್ತೇವೆ. ನಿಮಗೆ ಬೇಕಾದದ್ದು ಸರಿಸಮ ಎದುರು ಮಾತಾಡುವ ಜೊತೆಗಾರ. ನನಗೆ ಅಂಥವರು ಸಿಕ್ಕಿದ್ದು ತಾಳಮದ್ದಳೆಯಲ್ಲಿ, ಅಂದರೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನದಲ್ಲಿ.

ನಾನು ಕಾಸರಗೋಡಿನ ಕನ್ನಡ ಶಾಲೆಯೊಂದರಲ್ಲಿ ಮಾಷ್ಟ್ರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮಗೆ ಹತ್ತಿರ. ಕೂಟಗಳಲ್ಲಿ ಪಾತ್ರದ ಮಾತಾಡುವ ದೊಡ್ಡ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರೂ (1918–2006) ಈ ಕಡೆಯವರೇ. ಮೇ 24ರ ಸುಮಾರಿಗೆ, ಪತ್ತನಾಜೆಯಂದು ಯಕ್ಷಗಾನ ಮೇಳಗಳು ಆ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ಅಲ್ಲಲ್ಲಿ ತಾಳಮದ್ದಳೆ ಕೂಟ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುವ ಪದ್ಯ ಮಾತ್ರ ಬರೆದಿಟ್ಟದ್ದು. ಅರ್ಥವನ್ನು, ಅಂದರೆ ಪಾತ್ರದ ಮಾತನ್ನು, ಕೂತಲ್ಲೇ ಕಟ್ಟಬೇಕು.

ಒಮ್ಮೆ ನಮ್ಮೂರಲ್ಲಿ ಕೃಷ್ಣ ಸಂಧಾನ ಪ್ರಸಂಗ. ನಾನು ವಿದುರ. ಕೌರವ, ರಿಕ್ಷಾ ಓಡಿಸುವ ಹುಡುಗ, ನನ್ನ ಹಳೇ ವಿದ್ಯಾರ್ಥಿ. ದಾರಿಯಲ್ಲಿ ಸಿಕ್ಕಿದರೆ ಮಡಚಿ ಕಟ್ಟಿದ ಮುಂಡು ಇಳಿಸಿ "ಮಾಷ್ಟ್ರೇ" ಎನ್ನುವವ ಅಲ್ಲಿ ಗದರಿದ: "ಎಲವೋ ವಿದುರ, ನನ್ನ ಅರಮನೆ ಬಿಟ್ಟು ಬಂದವನಿಗೆ ಏನು ಕೊಟ್ಟೆ?"

"ಒಂದು ಕುಡ್ತೆ ಹಾಲು."

"ನಿನ್ನ ಹಟ್ಟಿಯ ದನ ಯಾರು ಕೊಟ್ಟದ್ದು? ನಾನಲ್ಲವೋ? ಹಾಗಾದರೆ ಕೃಷ್ಣ ಕುಡಿದದ್ದು ನನ್ನ ಹಾಲನ್ನೇ!"

ಮದ್ದಳೆಯವರೂ ನಕ್ಕರು. ನನಗೆ ಒಂದು ಗಳಿಗೆ ಮಾತೇ ಇಲ್ಲ. ಆಮೇಲೆ ಎಲ್ಲಿಂದಲೋ ಬಂತು: "ದನ ನಿನ್ನದೇ ಮಗೂ. ನಿನ್ನ ಹಟ್ಟಿಯಲ್ಲಿದ್ದಷ್ಟು ದಿನ ಅದು ಸೊರೆ ಬಿಡಲಿಲ್ಲ. ಇಲ್ಲಿ ಕೊರಳು ಸವರುವವರು ಸಿಕ್ಕಿದರು, ಬಿಟ್ಟಿತು." ಕೌರವನಿಗೇ ನಗು ತಡೆಯಲಿಲ್ಲ. ಹುಡುಗನಾಗಿದ್ದಾಗ ಗದ್ದೆಯಲ್ಲಿ ಕುಟ್ಟಿದೊಣ್ಣೆ ಆಡುವಾಗಿನ ಖುಷಿ ಅದು, ಏನೂ ವ್ಯತ್ಯಾಸ ಇರಲಿಲ್ಲ.

ತಾಳಮದ್ದಳೆಯೇ ಆಗಬೇಕೆಂದಿಲ್ಲ. ಆದರೆ ನಿಮ್ಮ ವಯಸ್ಸು, ಹುದ್ದೆ ನಡೆಯದ ಜಾಗ ಹುಡುಕಿ. ಎದುರಿನವರ ಮುಂದಿನ ಮಾತು ಮೊದಲೇ ಗೊತ್ತಿರಬಾರದು. ಸರ್ಟಿಫಿಕೇಟು ಕೊಡುವ ಹವ್ಯಾಸದ ಕ್ಲಾಸುಗಳು ನನ್ನ ಪ್ರಕಾರ ಇದಕ್ಕೆ ಆಗುವುದಿಲ್ಲ, ಅಲ್ಲಿ ಮತ್ತೆ ಪರೀಕ್ಷೆ ಬರೆಯುವ ಮನಸ್ಸೇ ಜಾಸ್ತಿ.

ಹತ್ತಿರದಲ್ಲಿ ಕೂಟ ಇದ್ದರೆ ಮೊದಲು ಸುಮ್ನೆ ಕೇಳಲು ಹೋಗಿ. ದೂತನ ಪಾತ್ರಕ್ಕೆ ಜನ ಬೇಕೇ ಇರುತ್ತದೆ, ಕೇಳಿ ಕೂತುಬಿಡಿ. ಮಗನನ್ನೂ ಕರ್ಕೊಂಡು ಹೋಗಿ. ಅಪ್ಪನನ್ನು ಯಾರೋ ಎಲ್ಲರೆದುರು ಗದರುವುದನ್ನು ಅವನೂ ನೋಡಲಿ.